ಮುಪ್ಪಿನ ಮನೆಯೊಳಕ್ಕೆ ಕಾನೂನು ನಡೆದ ದಾರಿ

‘ನರ್ಸಿಂಗ್ ಹೋಮ್’ ಎಂಬ ಮಾತನ್ನು ನಾವು ಕನ್ನಡಿಗರು ಎಂದೋ ನಮ್ಮದನ್ನಾಗಿ ಮಾಡಿಕೊಂಡಿದ್ದೇವೆ. ಬಸವನಗುಡಿಯಲ್ಲಾಗಲಿ ಸರಸ್ವತೀಪುರದಲ್ಲಾಗಲಿ ಯಾರಾದರೂ ‘ನಮ್ಮ ಸೊಸೆಯನ್ನು ನರ್ಸಿಂಗ್ ಹೋಮಿಗೆ ಸೇರಿಸಿದ್ದೇವೆ’ ಎಂದರೆ ಕೇಳಿದವರು ಹಿಂದೆಯೇ ‘ಗಂಡೋ ಹೆಣ್ಣೋ?’ ಎನ್ನುತ್ತಾರೆ. ಹೆರಿಗೆಗೋ ಅಪೆಂಡಿಕ್ಸ್ ತೆಗೆಸುವುದಕ್ಕೋ ಹೋಗಿ, ವಾರದೊಳಗೆ ಮನೆಗೆ ಮರಳುವ ಖಾಸಗಿ ಆಸ್ಪತ್ರೆ ಎಂಬುದೇ ನಮ್ಮಲ್ಲಿ ಅದಕ್ಕಿರುವ ಅರ್ಥ. ಅಮೆರಿಕದಲ್ಲಿ ಅದೇ ಎರಡು ಪದಗಳಿಗೆ ಬೇರೊಂದು ಅರ್ಥವಿದೆ. ಅಲ್ಲಿ ಅದು ಏಳಲಾರದ, ಉಣ್ಣಲಾರದ, ಕೆಲವೊಮ್ಮೆ ಮಕ್ಕಳ ಗುರುತನ್ನೂ ಹಿಡಿಯಲಾರದ ವೃದ್ಧರು ಹೋಗಿ ಸೇರುವ ಸ್ಥಳ. ಬಹುಮಂದಿಯ ಪಾಲಿಗೆ ಕೊನೆಯ ವಿಳಾಸ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಆ ದೇಶದಲ್ಲಿ ನೆಲಸಿದ್ದಾರೆ. ಅವರ ಕಾಗದಗಳಲ್ಲಿ ನೆರೆಹೊರೆಯವರ ವಿಷಯವಾಗಿ ಈ ಮಾತು ಬಂದಾಗಲೆಲ್ಲ ಅದರ ಚರಿತ್ರೆಯನ್ನು ಅರಿಯಬೇಕೆಂಬ ಕುತೂಹಲ ನನಗೆ ಹುಟ್ಟುತ್ತಿತ್ತು. ಓದುತ್ತಾ ಹೋದಂತೆ ಅದು ಕಟ್ಟಡಗಳ ಚರಿತ್ರೆಯಾಗಿ ಉಳಿಯದೆ ಕಾನೂನಿನ ಚರಿತ್ರೆಯಾಯಿತು.

ಪ್ರಶ್ನೆ ಇಷ್ಟೆ. ಬಾಯಿಲ್ಲದ ಮುದುಕಿಯೊಬ್ಬಳು ಪರರ ಕೈಯಲ್ಲಿದ್ದಾಳೆ. ವಾರಕ್ಕೊಮ್ಮೆ ನೋಡಹೋಗುವ ಮಗಳಿಗೆ ಒಂದು ದಿನ ತಾಯಿಯ ಬೆನ್ನಿನ ಮೇಲೆ ಹುಣ್ಣು ಕಾಣುತ್ತದೆ, ಒದ್ದೆಯಾದ ಹಾಸಿಗೆ ಕಾಣುತ್ತದೆ. ಆ ಮಗಳು ಯಾರ ಬಾಗಿಲು ತಟ್ಟಬೇಕು? ಜಗತ್ತಿನ ಅತ್ಯಂತ ಶ್ರೀಮಂತ ರಾಷ್ಟ್ರವೂ ಇದಕ್ಕೆ ನೆಟ್ಟಗೆ ಉತ್ತರ ಹೇಳಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತೆಗೆದುಕೊಂಡಿತು.

ಇಂಗ್ಲೆಂಡಿನ ಎಲಿಜಬೆತ್ ರಾಣಿಯ ಕಾಲದ ೧೬೦೧ರ ಬಡವರ ಕಾಯಿದೆಯನ್ನು ವಲಸೆ ಹೋದವರು ತಮ್ಮೊಡನೆ ಅಮೆರಿಕಕ್ಕೂ ಒಯ್ದರು. ದಿಕ್ಕಿಲ್ಲದ ವೃದ್ಧರನ್ನು, ಹುಚ್ಚರನ್ನು, ಅನಾಥರನ್ನು, ಕುಡುಕರನ್ನು ಒಂದೇ ಸೂರಿನಡಿ ಕೂಡಿಹಾಕುವ ‘ಬಡವರ ಮನೆ’ಗಳು ಊರೂರಿಗೆ ಎದ್ದವು. ಈ ಮನೆಗಳೆಂದರೆ ಜನರಿಗೆ ಎಂಥ ಹೇವರಿಕೆಯಿತ್ತೆಂದರೆ, ೧೯೩೫ರಲ್ಲಿ ರೂಸ್‌ವೆಲ್ಟರ ಸರಕಾರ ಸಾಮಾಜಿಕ ಭದ್ರತೆಯ ಕಾಯಿದೆಯನ್ನು ತಂದಾಗ, ಸಾರ್ವಜನಿಕ ಸಂಸ್ಥೆಗಳಲ್ಲಿ ವಾಸಿಸುವವರಿಗೆ ವೃದ್ಧಾಪ್ಯದ ಸಹಾಯಧನ ಸಲ್ಲದೆಂದು ಅದರಲ್ಲಿ ಬರೆಯಲಾಯಿತು. ಹಣ ಕೈಗೆ ಬಂದರೆ ವೃದ್ಧರು ಬಡವರ ಮನೆ ಬಿಟ್ಟು ತಂತಮ್ಮ ಮನೆಗಳಲ್ಲಿ ಬದುಕಿಯಾರು ಎಂಬುದು ಸದುದ್ದೇಶವೇ. ಆದರೆ ಏಳಲಾರದವನು ತನ್ನ ಮನೆಯಲ್ಲಿ ಒಬ್ಬನೇ ಬದುಕುವುದು ಹೇಗೆ? ಸಹಾಯಧನದ ಚೀಟಿ ಹಿಡಿದ ವೃದ್ಧರಿಗೆ ಊಟ ವಸತಿ ಕೊಡುವ ಖಾಸಗಿ ಮನೆಗಳು ಹುಟ್ಟಿಕೊಂಡವು. ದೊಡ್ಡ ಮನೆಯುಳ್ಳ ವಿಧವೆಯರು, ಕೆಲಸವಿಲ್ಲದ ದಾದಿಯರು ನಾಲ್ಕಾರು ಹಾಸಿಗೆ ಹಾಕಿಕೊಂಡು ಜೀವನ ಸಾಗಿಸತೊಡಗಿದರು. ‘ನರ್ಸಿಂಗ್ ಹೋಮ್’ ಎಂಬ ಹೆಸರು ಬಳಕೆಗೆ ಬಂದುದು ಹೀಗೆ. ೧೯೫೦ರಲ್ಲಿ ಆ ನಿರ್ಬಂಧವನ್ನು ತೆಗೆದುಹಾಕುವ ವೇಳೆಗೆ ಖಾಸಗಿ ಉದ್ಯಮ ಬೇರೂರಿಯಾಗಿತ್ತು. ೧೯೬೫ರಲ್ಲಿ ಬಡವರ ವೈದ್ಯಕೀಯ ವೆಚ್ಚ ಭರಿಸುವ ‘ಮೆಡಿಕೈಡ್’ ಯೋಜನೆ ಜಾರಿಗೆ ಬಂದಿತು. ಅಲ್ಲಿಂದಾಚೆಗೆ ಪ್ರತಿಯೊಂದು ಹಾಸಿಗೆಯೂ ಸರಕಾರದ ಬೊಕ್ಕಸಕ್ಕೆ ಹಾಕಿದ ಒಂದು ಕೊಳಾಯಿಯಾಯಿತು.

ಈ ಮನೆಗಳ ಒಳಗೇನು ನಡೆಯುತ್ತಿದೆ ಎಂಬುದು ಹೊರಗಿನವರಿಗೆ ಮೊದಮೊದಲು ತಿಳಿದುದು ಬೆಂಕಿಯ ಬೆಳಕಿನಲ್ಲಿ. ೧೯೫೭ರ ಫೆಬ್ರವರಿಯ ಒಂದು ಭಾನುವಾರ ಮಿಸ್ಸೌರಿ ಸಂಸ್ಥಾನದ ವಾರೆಂಟನ್ ಎಂಬ ಊರಿನ ವೃದ್ಧರ ಮನೆ ಹೊತ್ತಿ ಉರಿದು ೭೨ ಮಂದಿ ಸತ್ತರು. ೧೯೬೩ರ ನವೆಂಬರ್ ೨೩ರಂದು ಒಹಾಯೋ ಸಂಸ್ಥಾನದ ಫಿಚ್‌ವಿಲ್‌ನಲ್ಲಿ ಅಂಥದೇ ಇನ್ನೊಂದು ಮನೆ ಸುಟ್ಟು ೬೩ ಮಂದಿ ಹೋದರು. ಅದರ ಹಿಂದಿನ ದಿನ ಅಧ್ಯಕ್ಷ ಕೆನಡಿಯವರ ಕೊಲೆಯಾಗಿತ್ತು. ಪತ್ರಿಕೆಗಳಲ್ಲಿ ಈ ಅರವತ್ತಮೂರು ಮುದುಕರಿಗೆ ದೊರೆತ ಜಾಗ ಎಷ್ಟಿದ್ದೀತೆಂಬುದನ್ನು ವಾಚಕರೇ ಊಹಿಸಬಹುದು.

ಬೆಂಕಿಯಿಲ್ಲದ ದಿನಗಳಲ್ಲಿ ಒಳಗೇನಾಗುತ್ತದೆಂದು ನೋಡಲು ಹೊರಟವರು ಆರ್ಕನ್‌ಸಾ ಸಂಸ್ಥಾನದಿಂದ ಬಂದ ಯುವಕ ಸಂಸದ ಡೇವಿಡ್ ಪ್ರಯರ್. ೧೯೭೦ರ ಸುಮಾರಿಗೆ ಅವರು ತಾವಾರೆಂದು ಹೇಳದೆ ವಾಷಿಂಗ್ಟನ್ ಸುತ್ತಣ ಹಲವು ನರ್ಸಿಂಗ್ ಹೋಮುಗಳಲ್ಲಿ ರಜಾ ದಿನಗಳಂದು ಸ್ವಯಂಸೇವಕನಾಗಿ ದುಡಿದರು. ಕಂಡುದನ್ನು ಸಭೆಯಲ್ಲಿ ಬಣ್ಣಿಸಿ, ವೃದ್ಧರ ಸ್ಥಿತಿಗತಿ ವಿಚಾರಿಸಲು ಒಂದು ಸಮಿತಿ ಬೇಕೆಂದು ಕೇಳಿದರು. ಹಿರಿಯರು ಕೊಡಲಿಲ್ಲ, ಕಚೇರಿಗೆ ಜಾಗವೂ ಇಲ್ಲವೆಂದರು. ಪ್ರಯರ್ ಸುಮ್ಮನಾಗದೆ ಸಂಸತ್ ಭವನದ ಬಳಿಯ ಪೆಟ್ರೋಲ್ ಬಂಕೊಂದರ ಪಕ್ಕ ಗಾಲಿಯ ಮೇಲಿನ ಡಬ್ಬಿಮನೆಗಳನ್ನು ತಂದು ನಿಲ್ಲಿಸಿ, ಕಾಲೇಜು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು, ಅದನ್ನೇ ಕಚೇರಿ ಮಾಡಿಕೊಂಡರು. ಮೂವತ್ತಾರು ವರುಷದ ಸಂಸದನೊಬ್ಬನ ಈ ಹಟ ನನಗೆ ಈ ಚರಿತ್ರೆಯಲ್ಲೆಲ್ಲ ಅತ್ಯಂತ ಪ್ರಿಯವಾದ ಪ್ರಸಂಗ. ಸಂಸತ್ತಿನ ಹಿರಿಯರ ಸಭೆಯಾದ ಸೆನೆಟ್ಟಿನಲ್ಲಿ ಫ್ರಾಂಕ್ ಮಾಸ್ ಎಂಬವರ ಉಪಸಮಿತಿ ಇದೇ ಕೆಲಸವನ್ನು ವರುಷಗಟ್ಟಲೆ ಮಾಡಿ, ೧೯೭೪ರಿಂದ ವರದಿಗಳ ಸರಣಿಯನ್ನೇ ಹೊರಡಿಸಿತು.

ಅದೇ ಕಾಲಕ್ಕೆ ನ್ಯೂಯಾರ್ಕಿನ ಹಗರಣ ಸಿಡಿಯಿತು. ಅಲ್ಲಿನ ಸೆಂಟ್ರಲ್ ಪಾರ್ಕಿನ ಪಶ್ಚಿಮಕ್ಕೆ ದುಂಡು ಗೋಪುರಗಳ ಒಂದು ಹಳೆಯ ಕಟ್ಟಡವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಯಾನ್ಸರ್ ಆಸ್ಪತ್ರೆಯಾಗಿ ಕಟ್ಟಿದ್ದು. ನಡುವೆ ಅದು ‘ಟವರ್ಸ್’ ಎಂಬ ನರ್ಸಿಂಗ್ ಹೋಮ್ ಆಗಿತ್ತು. ಈಗ ಸಿರಿವಂತರ ವಸತಿ. ಟವರ್ಸಿನ ಒಡೆಯ ಬರ್ನಾರ್ಡ್ ಬರ್ಗ್‌ಮನ್. ಪತ್ರಿಕೆಗಳು ಅಲ್ಲಿಯ ಕೊಳಕನ್ನೂ ಅವ್ಯವಸ್ಥೆಯನ್ನೂ ಬಯಲಿಗೆಳೆದವು. ೧೯೭೫ರಲ್ಲಿ ಸಂಸ್ಥಾನ ಸರಕಾರ ವಿಚಾರಣಾ ಆಯೋಗವನ್ನೂ ವಿಶೇಷ ಅಭಿಯೋಜಕರನ್ನೂ ನೇಮಿಸಿತು. ಬರ್ಗ್‌ಮನ್ ತಪ್ಪೊಪ್ಪಿಕೊಂಡ. ೧೯೭೬ರ ಜೂನ್‌ನಲ್ಲಿ ಕೇಂದ್ರ ನ್ಯಾಯಾಲಯದ ನ್ಯಾಯಾಧೀಶ ಮಾರ್ವಿನ್ ಫ್ರಾಂಕೆಲ್ ಅವನಿಗೆ ವಿಧಿಸಿದ ಶಿಕ್ಷೆ ನಾಲ್ಕು ತಿಂಗಳ ಸೆರೆ. ಊರೆಲ್ಲ ‘ಇಷ್ಟೇ ಏನು?’ ಎಂದು ಕೂಗಿತು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಅವನು ಒಪ್ಪಿಕೊಂಡದ್ದು ಸರಕಾರಕ್ಕೆ ಸುಳ್ಳು ಲೆಕ್ಕ ಕೊಟ್ಟ ಅಪರಾಧವನ್ನು, ತೆರಿಗೆಯ ಅಪರಾಧವನ್ನು. ಮುದುಕರನ್ನು ನೋಡಿಕೊಳ್ಳದೆ ಬಿಟ್ಟ ಅಪರಾಧ ಆ ದಾವೆಯಲ್ಲಿ ಇರಲೇ ಇಲ್ಲ. ನ್ಯಾಯಾಧೀಶರು ತಾವು ಆ ಆರೋಪಕ್ಕೆ ಶಿಕ್ಷೆ ವಿಧಿಸಲಾರೆವೆಂದು ಸ್ಪಷ್ಟಪಡಿಸಬೇಕಾಯಿತು. ಲೆಕ್ಕದ ಪುಸ್ತಕದ ಗಾಯವನ್ನು ಕಾನೂನು ಕಂಡಿತು. ಮೈಮೇಲಿನ ಗಾಯವನ್ನು ಕಾಣಲು ಅದಕ್ಕಿನ್ನೂ ಕಣ್ಣು ಬಂದಿರಲಿಲ್ಲ.

ಹಾಗಾದರೆ ಮನೆಯವರೇ ಏಕೆ ದಾವೆ ಹೂಡಲಿಲ್ಲ ಎಂದು ಕೇಳಬಹುದು. ಹೂಡಬಹುದಿತ್ತು, ವಕೀಲರು ಸಿಗುತ್ತಿರಲಿಲ್ಲ. ಇಂಥ ಮೊಕದ್ದಮೆಗಳಲ್ಲಿ ಅಮೆರಿಕದ ವಕೀಲ ಮೊದಲು ಫೀಸು ಕೇಳುವುದಿಲ್ಲ. ಗೆದ್ದರೆ ದೊರೆತ ಪರಿಹಾರದಲ್ಲಿ ಮೂರನೆಯ ಒಂದು ಪಾಲನ್ನೋ ಅದರ ಆಸುಪಾಸನ್ನೋ ತೆಗೆದುಕೊಳ್ಳುತ್ತಾನೆ. (ನಮ್ಮ ದೇಶದ ವಕೀಲರಿಗೆ ಈ ಪದ್ಧತಿ ನಿಷಿದ್ಧ.) ಬಡವನಿಗೆ ಇದು ವರವೆಂಬುದೇನೋ ಸರಿ, ಆದರೆ ಪರಿಹಾರ ದೊಡ್ಡದಿದ್ದರೆ ಮಾತ್ರ. ಮೂವತ್ತು ವರುಷದವನು ಕಾರಿನಡಿ ಸಿಕ್ಕಿ ಸತ್ತರೆ ಅವನು ಮುಂದೆ ದುಡಿಯಬಹುದಾಗಿದ್ದ ಹಣವನ್ನು ಲೆಕ್ಕ ಹಾಕಬಹುದು. ಎಂಬತ್ತೆಂಟರ ಮುದುಕಿ ಸತ್ತರೆ ಏನನ್ನು ಲೆಕ್ಕ ಹಾಕುವುದು? ದುಡಿಮೆಯಿಲ್ಲ, ಮುಂದೆ ಬದುಕುವ ಕಾಲವೂ ಸ್ವಲ್ಪ. ಅನುಭವಿಸಿದ ನೋವಿಗೆ ಪರಿಹಾರ ಕೇಳೋಣವೆಂದರೆ ಕ್ಯಾಲಿಫೋರ್ನಿಯದಂಥ ಸಂಸ್ಥಾನಗಳಲ್ಲಿ ನೋವಿನ ಹಕ್ಕು ನೋವುಂಡವಳ ಜೊತೆಗೇ ಸಾಯುತ್ತಿತ್ತು. ಬದುಕಿಸಿಟ್ಟು ಸೋಲುವುದಕ್ಕಿಂತ ಸಾಯಗೊಟ್ಟರೆ ಅಗ್ಗ ಎಂಬಂಥ ಲೆಕ್ಕ! ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಫೀಸಿನ ಆಸೆಯಿಲ್ಲದ ವಕೀಲರು ಮಾತ್ರ ಇದಕ್ಕೆ ಕೈಹಾಕಬಹುದಾಗಿತ್ತು. ಡೆನ್ವರ್ ನಗರದಲ್ಲಿ ಹಾಗೆಯೇ ಆಯಿತು. ೧೯೭೫ರಲ್ಲಿ ಬಡವರಿಗೆ ಉಚಿತವಾಗಿ ವಾದಿಸುವ ಅಲ್ಲಿಯ ವಕೀಲರು ನರ್ಸಿಂಗ್ ಹೋಮಿನ ನಿವಾಸಿಗಳ ಪರವಾಗಿ ದಾವೆ ಹೂಡಿದರು. ಕ್ರಮೇಣ ಅದರ ಗುರಿ ಮನೆಯ ಒಡೆಯನಿಂದ ಸರಕಾರದ ಕಡೆಗೆ ತಿರುಗಿತು. ನೀವು ಹಣ ಕೊಡುತ್ತೀರಿ, ತಪಾಸಣೆ ಮಾಡಿಸುತ್ತೀರಿ. ಆದರೆ ನಿಮ್ಮ ತನಿಖೆದಾರರು ನೋಡುವುದು ಅಡಿಗೆಮನೆಯ ಅಳತೆ, ಕಾಗದಪತ್ರ. ಮಂಚದ ಮೇಲೆ ಮಲಗಿದವರನ್ನು ನೋಡುವುದೇ ಇಲ್ಲ ಎಂಬುದು ವಾದ. ಕೆಳಗಿನ ಕೋರ್ಟು ಒಪ್ಪಲಿಲ್ಲ. ೧೯೮೪ರಲ್ಲಿ ಮೇಲ್ಮನವಿಯ ನ್ಯಾಯಾಲಯ, ಈ ಮನೆಗಳಲ್ಲಿ ಒಳ್ಳೆಯ ಆರೈಕೆ ನಿಜವಾಗಿ ದೊರೆಯುತ್ತಿದೆಯೇ ಎಂದು ತಿಳಿಯುವ ವ್ಯವಸ್ಥೆ ಮಾಡುವುದು ಕೇಂದ್ರ ಸಚಿವರ ಕರ್ತವ್ಯವೇ ಹೌದೆಂದು ತೀರ್ಪಿತ್ತಿತು. ೧೯೮೬ರಲ್ಲಿ ವಿದ್ವಾಂಸರ ಸಮಿತಿಯೊಂದು ಸುಧಾರಣೆಯ ಮಾರ್ಗಗಳನ್ನು ವರದಿ ಮಾಡಿತು. ೧೯೮೭ರ ಡಿಸೆಂಬರ್ ೨೨ರಂದು ಅಧ್ಯಕ್ಷ ರೇಗನ್ ಅಂಕಿತ ಹಾಕಿದ ಭಾರಿ ಆಯವ್ಯಯದ ಕಾಯಿದೆಯ ಒಡಲಲ್ಲಿ ನರ್ಸಿಂಗ್ ಹೋಮ್ ಸುಧಾರಣೆಯ ಶಾಸನ ಸೇರಿಕೊಂಡು ಹೊರಬಂದಿತು.

ಅದರಲ್ಲಿ ಏನೇನಿದೆ? ದಾದಿಗೆ ಸಹಾಯಕರಾಗಿ ದುಡಿಯುವವರಿಗೆ ಕನಿಷ್ಠ ೭೫ ಗಂಟೆಗಳ ತರಬೇತಿ. ನಿವಾಸಿಯನ್ನು ಬೇರೆಡೆಗೆ ಸಾಗಿಸಬೇಕಾದರೆ ಸಾಮಾನ್ಯವಾಗಿ ೩೦ ದಿನ ಮುಂಚೆ ಅವರಿಗೂ ಮನೆಯವರಿಗೂ ನೋಟೀಸು. ಕುಟುಂಬದವರು ಸಂಘ ಕಟ್ಟಿಕೊಂಡು ಅಲ್ಲೇ ಸಭೆ ಸೇರುವ ಅವಕಾಶ. ಎಲ್ಲಕ್ಕೂ ಮಿಗಿಲಾಗಿ, ಶಿಸ್ತಿನ ನೆಪದಲ್ಲೋ ಸಿಬ್ಬಂದಿಯ ಅನುಕೂಲಕ್ಕೋ ನಿವಾಸಿಯನ್ನು ಪಟ್ಟಿಯಿಂದಾಗಲಿ ಔಷಧದಿಂದಾಗಲಿ ಕಟ್ಟಿಹಾಕಬಾರದು ಎಂಬ ನಿಯಮ. ಶಾಸನ ಬರುವ ಮುನ್ನ ಹತ್ತು ಜನರಲ್ಲಿ ಸುಮಾರು ನಾಲ್ವರನ್ನು ಕುರ್ಚಿಗೋ ಮಂಚಕ್ಕೋ ಕಟ್ಟುವುದು ಸಾಮಾನ್ಯವಾಗಿತ್ತಂತೆ. ಬಿದ್ದು ಮೂಳೆ ಮುರಿದುಕೊಂಡಾರೆಂಬುದು ಕಾರಣ. ಪಟ್ಟಿಗಳು ಬಹುಮಟ್ಟಿಗೆ ಹೋದವು. ಗುಳಿಗೆಯ ಕಟ್ಟು ಕಣ್ಣಿಗೆ ಕಾಣುವಂಥದಲ್ಲವಾದ್ದರಿಂದ ಅದು ಅಷ್ಟು ಸುಲಭವಾಗಿ ಹೋಗಲಿಲ್ಲ.

ಇದಕ್ಕೆ ಮೊದಲೇ, ೧೯೭೨ರಲ್ಲಿ ಪ್ರಯೋಗವಾಗಿ ಆರಂಭಿಸಿ ೧೯೭೮ರಲ್ಲಿ ಎಲ್ಲ ಸಂಸ್ಥಾನಗಳಿಗೂ ಕಡ್ಡಾಯ ಮಾಡಿದ ಇನ್ನೊಂದು ಏರ್ಪಾಟಿದೆ: ‘ಒಂಬುಡ್ಸ್‌ಮನ್’. ಪದ ಸ್ವೀಡನ್ನಿನದು, ನಮ್ಮ ಲೋಕಾಯುಕ್ತದ ಹಿಂದಿರುವ ಕಲ್ಪನೆಯೂ ಇದೇ. ನಿವಾಸಿಯ ಅಥವಾ ಮನೆಯವರ ದೂರನ್ನು ಕೇಳಿ, ಒಳಹೊಕ್ಕು ವಿಚಾರಿಸಿ, ಸಂಧಾನ ಮಾಡುವುದು ಈತನ ಕೆಲಸ. ದಂಡ ಹಾಕುವ ಅಧಿಕಾರವಿಲ್ಲ. ಆದರೂ ವಕೀಲರ ಮನೆ ಬಾಗಿಲಿಗೆ ಹೋಗಲು ಹಿಂಜರಿಯುವವರು ಮೊದಲು ಹೋಗುವುದು ಇಲ್ಲಿಗೆ.

ವಕೀಲರನ್ನು ಕರೆತಂದದ್ದು ಸಂಸ್ಥಾನಗಳ ಕಾಯಿದೆಗಳು. ಫ್ಲಾರಿಡ ೧೯೮೦ರಲ್ಲಿ ನಿವಾಸಿಗಳಿಗೆ ದಾವೆಯ ಹಕ್ಕು ಕೊಟ್ಟು, ಗೆದ್ದವರ ವಕೀಲರ ಫೀಸನ್ನು ಎದುರು ಪಕ್ಷವೇ ತೆರಬೇಕೆಂದಿತು. ೨೦೦೧ರಲ್ಲಿ ಆ ಫೀಸಿನ ಭಾಗವನ್ನು ಹಿಂತೆಗೆದುಕೊಂಡಿತು. ಕ್ಯಾಲಿಫೋರ್ನಿಯ ೧೯೯೧ರಲ್ಲಿ ಮುಂದೆ ಬಂದು, ವೃದ್ಧರನ್ನು ಎಗ್ಗಿಲ್ಲದೆ ಉಪೇಕ್ಷಿಸಿದ್ದು ಬಲವಾದ ಸಾಕ್ಷ್ಯದಿಂದ ಸಿದ್ಧವಾದರೆ ವಕೀಲರ ಫೀಸೂ ಸಲ್ಲಬೇಕು, ವೃದ್ಧರು ಸತ್ತ ಬಳಿಕವೂ ಅವರುಂಡ ನೋವಿಗೆ ಪರಿಹಾರ ಸಲ್ಲಬೇಕು ಎಂದು ವಿಧಿಸಿತು. ನೋವು ಸಾವಿನೊಡನೆ ಸಾಯುವುದು ಅಲ್ಲಿಗೆ ನಿಂತಿತು.

ಈ ಕಾಯಿದೆ ನಿಜವಾದ ಪರೀಕ್ಷೆಗೆ ಒಳಗಾದುದು ೧೯೯೯ರಲ್ಲಿ, ಕ್ಯಾಲಿಫೋರ್ನಿಯದ ವರಿಷ್ಠ ನ್ಯಾಯಾಲಯದ ‘ಡೆಲೇನಿ ವಿರುದ್ಧ ಬೇಕರ್’ ಮೊಕದ್ದಮೆಯಲ್ಲಿ. ಭಾಷೆಯ ಮೇಷ್ಟ್ರಾದ ನನಗೆ ಇದರಲ್ಲಿ ವಿಶೇಷ ಆಸಕ್ತಿ. ಎಂಬತ್ತೆಂಟು ವರುಷದ ವೃದ್ಧೆ ಕಾಲಿನ ಗಿಣ್ಣು ಮುರಿದು ನರ್ಸಿಂಗ್ ಹೋಮ್ ಸೇರಿದಳು. ನಾಲ್ಕು ತಿಂಗಳೊಳಗೆ ಸತ್ತಳು. ಸಾಯುವಾಗ ಕಾಲುಗಳ ಮೇಲೂ ಕುಳಿತುಕೊಳ್ಳುವ ಭಾಗದಲ್ಲೂ ಮೂಳೆ ಕಾಣುವಷ್ಟು ಆಳದ ಹುಣ್ಣುಗಳಿದ್ದವು. ಮಗಳು ದಾದಿಯರಿಗೆ ಹೇಳಿದ್ದಳು, ಆಡಳಿತದವರಿಗೆ ಹೇಳಿದ್ದಳು, ಒಂಬುಡ್ಸ್‌ಮನ್ನನಿಗೂ ಹೇಳಿದ್ದಳು. ಹಾಸಿಗೆ ಹುಣ್ಣು ಎಂಬುದು ವಿಧಿಯ ಆಟವಲ್ಲ. ಒಂದೇ ಮಗ್ಗುಲಲ್ಲಿ ಮಲಗಿದವರ ಮೂಳೆಯ ಮೇಲಿನ ಚರ್ಮಕ್ಕೆ ರಕ್ತ ಹರಿಯದೆ ಅದು ಕೊಳೆಯುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮೈ ಒಣಗಿಸಿಟ್ಟರೆ ಬಹುಪಾಲು ತಡೆಯಬಹುದು. ನಮ್ಮ ಮನೆಗಳಲ್ಲಿ ಲಕ್ವ ಹೊಡೆದ ಅಜ್ಜಂದಿರನ್ನು ನೋಡಿಕೊಂಡ ಹೆಂಗಸರಿಗೆ ಇದು ಗೊತ್ತಿದ್ದ ವಿಷಯವೇ. ಮಗ್ಗುಲು ಬದಲಿಸಿದೆವೆಂದು ಪುಸ್ತಕದಲ್ಲಿ ಎಷ್ಟು ಸಲ ಬರೆದಿದ್ದರೂ ಹುಣ್ಣು ಬೇರೆಯೇ ಸಾಕ್ಷ್ಯ ಹೇಳುತ್ತದೆ.

ಜ್ಯೂರಿಗೆ ತಪ್ಪು ಕಂಡಿತು. ಒಡೆಯರು ಮೇಲ್ಮನವಿಯಲ್ಲಿ ಎತ್ತಿದ್ದು ಒಂದು ಶಬ್ದದ ತಂಟೆ. ಇಂಗ್ಲಿಷಿನಲ್ಲಿ ‘ನೆಗ್ಲಿಜೆನ್ಸ್’ ಒಂದು, ‘ನೆಗ್ಲೆಕ್ಟ್’ ಇನ್ನೊಂದು. ವೈದ್ಯರು, ದಾದಿಯರು ವೃತ್ತಿಯಲ್ಲಿ ತೋರುವ ಅಜಾಗರೂಕತೆಗೆ ಕ್ಯಾಲಿಫೋರ್ನಿಯದಲ್ಲಿ ೧೯೭೫ರಿಂದಲೂ ಬೇರೆ ಕಾಯಿದೆಯ ರಕ್ಷಣೆಯಿತ್ತು. ನೋವಿನ ಪರಿಹಾರ ಎರಡೂವರೆ ಲಕ್ಷ ಡಾಲರಿಗೆ ಮೀರಬಾರದೆಂಬ ಮಿತಿಯೂ ಇತ್ತು. ನಾವು ವೈದ್ಯಕೀಯ ವೃತ್ತಿಯವರು, ನಾವು ಮಾಡಿದ್ದೆಲ್ಲ ನೆಗ್ಲಿಜೆನ್ಸೇ, ನೆಗ್ಲೆಕ್ಟಿನ ಕಾಯಿದೆ ನಮಗೆ ತಗುಲದು ಎಂದು ಅವರು ವಾದಿಸಿದರು. ನ್ಯಾಯಾಲಯ ಒಪ್ಪಲಿಲ್ಲ. ಚಿಕಿತ್ಸೆಯಲ್ಲಿ ಕೈತಪ್ಪುವುದು ಒಂದು. ನೋಡಿಕೊಳ್ಳುತ್ತೇನೆಂದು ಹೊಣೆ ಹೊತ್ತವನು ಅನ್ನ ನೀರು ಶುಚಿಯಂಥ ಮೂಲ ಅಗತ್ಯಗಳನ್ನೇ ಎಗ್ಗಿಲ್ಲದೆ ಕೈಬಿಡುವುದು ಬೇರೊಂದು. ಪರವಾನಗಿಯ ಫಲಕ ತೂಗುಹಾಕಿದ ಮಾತ್ರಕ್ಕೆ ಎರಡನೆಯದು ಮೊದಲನೆಯದಾಗುವುದಿಲ್ಲ ಎಂಬುದು ತೀರ್ಪಿನ ಸಾರ. ನಾವು ಎರಡಕ್ಕೂ ‘ನಿರ್ಲಕ್ಷ್ಯ’ ಎಂದೇ ಬರೆಯುತ್ತೇವೆ. ನನ್ನ ಮಟ್ಟಿಗೆ ಮೊದಲನೆಯದನ್ನು ‘ಎಚ್ಚರಗೇಡು’ ಎಂದೂ ಎರಡನೆಯದನ್ನು ‘ಕೈಬಿಡುವಿಕೆ’ ಎಂದೂ ಕರೆದರೆ ನಮ್ಮ ಕಾನೂನಿನ ಬರಹಗಾರರಿಗೂ ಉಪಕಾರವಾದೀತು.

ಉದ್ಯಮವೇನು ಸುಮ್ಮನಿರಲಿಲ್ಲ. ನ್ಯಾಯಾಲಯದ ಬಾಗಿಲು ತೆರೆಯುತ್ತಿದ್ದಂತೆ ಆ ಬಾಗಿಲಿಗೆ ಹೋಗದಂತೆ ಮಾಡುವ ಉಪಾಯವನ್ನು ಅದು ಕಂಡುಹಿಡಿಯಿತು. ತಾಯಿಯನ್ನು ಸೇರಿಸುವ ದಿನ ಮಗನ ಮುಂದೆ ಕಾಗದದ ಕಟ್ಟು ಬರುತ್ತದೆ. ಆಸ್ಪತ್ರೆಯವರು ಇಂದೇ ಹಾಸಿಗೆ ತೆರವು ಮಾಡಿ ಎಂದಿದ್ದಾರೆ. ಯಾರು ತಾನೇ ಎಲ್ಲವನ್ನೂ ಓದುತ್ತಾರೆ? ಮುಂದೆ ಏನೇ ತಕರಾರು ಬಂದರೂ ಕೋರ್ಟಿಗೆ ಹೋಗುವುದಿಲ್ಲ, ಖಾಸಗಿ ಪಂಚಾಯಿತಿಗೆ ಒಪ್ಪಿಸುತ್ತೇವೆ ಎಂಬ ಕರಾರು ಅದರಲ್ಲೊಂದು. ಪಂಚಾಯಿತಿ ಎಂದರೆ ನಮಗೆ ಅರಳಿಕಟ್ಟೆಯ ನೆನಪಾಗುತ್ತದೆ, ನಾಲ್ಕು ಜನರೆದುರಿನ ಮಾತಿನ ನೆನಪಾಗುತ್ತದೆ. ಇದು ಬಾಗಿಲು ಹಾಕಿಕೊಂಡು ಆಡುವ ಮಾತು. ಜ್ಯೂರಿಯಿಲ್ಲ, ಮೇಲ್ಮನವಿ ಬಹುಮಟ್ಟಿಗೆ ಇಲ್ಲ. ಕೆಂಟಕಿಯಲ್ಲಿ ಗಂಡನ ಪರವಾಗಿ ಹೆಂಡತಿಯೂ ತಾಯಿಯ ಪರವಾಗಿ ಮಗಳೂ ಮುಖತ್ಯಾರಿನ ಬಲದಿಂದ ಇಂಥ ಕಾಗದಕ್ಕೆ ರುಜು ಹಾಕಿದ್ದರು. ಜ್ಯೂರಿಯ ಹಕ್ಕನ್ನು ಬಿಟ್ಟುಕೊಡುವ ಅಧಿಕಾರ ಮುಖತ್ಯಾರ ಪತ್ರದಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ ಆ ರುಜು ನಡೆಯದೆಂದು ಸಂಸ್ಥಾನದ ಕೋರ್ಟು ಹೇಳಿತು. ೨೦೧೭ರಲ್ಲಿ ದೇಶದ ಸುಪ್ರೀಂ ಕೋರ್ಟು ಏಳು ಒಂದರಿಂದ ಆ ನಿಯಮವನ್ನು ತಳ್ಳಿಹಾಕಿತು. ಈಚೆಗೆ, ೨೦೧೯ರ ಕೇಂದ್ರ ನಿಯಮದಿಂದ ಇಷ್ಟು ಅನುಕೂಲವಾಗಿದೆ: ಸಹಿ ಹಾಕದಿದ್ದರೆ ಸೇರಿಸಿಕೊಳ್ಳುವುದಿಲ್ಲ ಎನ್ನುವಂತಿಲ್ಲ, ಹಾಕಿದವರೂ ೩೦ ದಿನದೊಳಗೆ ಹಿಂತೆಗೆದುಕೊಳ್ಳಬಹುದು. ಆ ನಾಡಿನಲ್ಲಿರುವ ನಮ್ಮವರು ಈ ಒಂದು ವಾಕ್ಯವನ್ನು ಕತ್ತರಿಸಿ ಇಟ್ಟುಕೊಂಡರೆ ತಪ್ಪಿಲ್ಲ.

೧೯೮೭ರ ಶಾಸನಕ್ಕೆ ಒಂದು ಕೊರತೆಯಿತ್ತು. ಹಕ್ಕುಗಳನ್ನು ಪಟ್ಟಿ ಮಾಡಿತೇ ಹೊರತು, ಅವು ಮುರಿದರೆ ಕುಟುಂಬದವರು ನೇರವಾಗಿ ಕೇಂದ್ರ ನ್ಯಾಯಾಲಯಕ್ಕೆ ಹೋಗಬಹುದೇ ಎಂದು ಹೇಳಲಿಲ್ಲ. ಈ ಮೌನಕ್ಕೆ ಅರ್ಥ ಹೇಳಿದ್ದು ‘ತಲೆವ್‌ಸ್ಕಿ’ ಮೊಕದ್ದಮೆ. ಇಂಡಿಯಾನ ಸಂಸ್ಥಾನದ ವಾಲ್ಪರೈಸೊ ಎಂಬಲ್ಲಿಯ ಸರಕಾರಿ ಒಡೆತನದ ನರ್ಸಿಂಗ್ ಹೋಮಿಗೆ ೨೦೧೬ರ ಆರಂಭದಲ್ಲಿ ಮರೆವಿನ ರೋಗದ ಗೃಹಸ್ಥರೊಬ್ಬರನ್ನು ಮನೆಯವರು ಸೇರಿಸಿದರು. ಆಗ ಅವರು ನಡೆಯುತ್ತಿದ್ದರು, ಮಾತನಾಡುತ್ತಿದ್ದರು, ತಾವೇ ಉಣ್ಣುತ್ತಿದ್ದರು. ಕೆಲವೇ ತಿಂಗಳಲ್ಲಿ ಉಣ್ಣಲಾರದಾದರು. ರೋಗ ಮುಂದುವರಿದಿದೆ ಎಂದರು. ಮನೆಯವರು ವಿಚಾರಿಸಲಾಗಿ, ಮನಸ್ಸಿನ ಮೇಲೆ ಕೆಲಸ ಮಾಡುವ ಆರು ಬಲವಾದ ಔಷಧಗಳನ್ನು ಕೊಡುತ್ತಿದ್ದುದು ತಿಳಿಯಿತು. ಹೊರಗಿನ ವೈದ್ಯರು ಅವನ್ನು ಇಳಿಸಿದ ಮೇಲೆ ತಾವೇ ಉಣ್ಣುವ ಶಕ್ತಿ ಮರಳಿತು. ಮನೆಯವರು ದೂರು ಕೊಟ್ಟರು. ಆಮೇಲೆ ಅವರನ್ನು ಒಂದೂವರೆ ಗಂಟೆ ದಾರಿಯ ಮಾನಸಿಕ ಆಸ್ಪತ್ರೆಗೆ ಮತ್ತೆ ಮತ್ತೆ ಸಾಗಿಸಿ, ಕಡೆಗೆ ಮರಳಿ ಸೇರಿಸಿಕೊಳ್ಳಲೂ ನಿರಾಕರಿಸಿದರು. ಇವೆಲ್ಲ ಕುಟುಂಬದವರು ದಾವೆಯಲ್ಲಿ ಹೇಳಿದ ಸಂಗತಿಗಳು.

ಅವರ ವಕೀಲರು ಆಯುಧಕ್ಕಾಗಿ ಕೈಚಾಚಿದ್ದು ೧೮೭೧ರಷ್ಟು ಹಿಂದಕ್ಕೆ. ಅಂತರ್ಯುದ್ಧದ ಬಳಿಕ ದಕ್ಷಿಣದಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ಮುಸುಕುಧಾರಿಗಳು ಕಪ್ಪು ಜನರನ್ನು ಹಿಂಸಿಸುತ್ತಿದ್ದಾಗ, ಸರಕಾರದ ಅಧಿಕಾರ ಹಿಡಿದವನು ಸಂವಿಧಾನ ಕೊಟ್ಟ ಹಕ್ಕನ್ನು ಕಸಿದರೆ ಅವನ ಮೇಲೆ ದಾವೆ ಹೂಡಬಹುದೆಂದು ಒಂದು ಕಾಯಿದೆಯಾಗಿತ್ತು. ಆಮೇಲೆ ಅದಕ್ಕೆ ಸೇರಿಕೊಂಡ ‘ಮತ್ತು ಕಾನೂನುಗಳು’ ಎಂಬ ಎರಡು ಮಾತಿಗೆ ೧೯೮೭ರ ಶಾಸನವೂ ಒಳಪಡುತ್ತದೆಯೇ? ಪ್ರತಿವಾದಿಗಳು, ಕೇಂದ್ರವು ಹಣ ಕೊಟ್ಟು ವಿಧಿಸುವ ಷರತ್ತುಗಳು ಎರಡು ಸರಕಾರಗಳ ನಡುವಣ ಕರಾರಿನಂತೆ, ಮೂರನೆಯವರು ನಡುವೆ ಬರುವಂತಿಲ್ಲ ಎಂದರು. ೨೦೨೩ರ ಜೂನ್ ೮ರಂದು ಸುಪ್ರೀಂ ಕೋರ್ಟು ಏಳು ಎರಡರ ಬಹುಮತದಿಂದ ಕುಟುಂಬದ ಪರವಾಗಿ ತೀರ್ಪಿತ್ತಿತು. ತೀರ್ಪು ಬರೆದವರು ಆ ಪೀಠಕ್ಕೇರಿದ ಮೊದಲ ಕಪ್ಪು ಮಹಿಳೆ ಕೆಟಾಂಜಿ ಬ್ರೌನ್ ಜಾಕ್ಸನ್. ಆ ಗೃಹಸ್ಥರು ೨೦೨೧ರ ಅಕ್ಟೋಬರಿನಲ್ಲೇ ತೀರಿಕೊಂಡಿದ್ದರು. ಕೊನೆಯ ಘಟ್ಟದಲ್ಲಿ ದಾವೆ ನಡೆಸಿದವರು ಅವರ ಪತ್ನಿ.

ತೀರ್ಪಿನ ವ್ಯಾಪ್ತಿ ದೊಡ್ಡದೇನಲ್ಲ. ೧೮೭೧ರ ಕಾಯಿದೆ ಸರಕಾರದ ಕೈಯಾಗಿರುವವರಿಗೆ ಮಾತ್ರ ತಗುಲುವಂಥದು. ಅಮೆರಿಕದ ಸುಮಾರು ೧೫,೦೦೦ ನರ್ಸಿಂಗ್ ಹೋಮುಗಳಲ್ಲಿ ಹತ್ತಕ್ಕೆ ಏಳು ಲಾಭಕ್ಕಾಗಿ ನಡೆಯುವ ಖಾಸಗಿ ಮನೆಗಳು. ಅಲ್ಲಿಯವರಿಗೆ ಸಂಸ್ಥಾನದ ಕಾಯಿದೆಯೇ ಗತಿ. ಇಂಡಿಯಾನದಲ್ಲಿ ಬಹುಪಾಲು ನರ್ಸಿಂಗ್ ಹೋಮುಗಳು ಕಾಗದದ ಮೇಲೆ ಜಿಲ್ಲಾ ಆಸ್ಪತ್ರೆಗಳ ಒಡೆತನದಲ್ಲಿವೆ. ಹಾಗೆ ಮಾಡಿದರೆ ಕೇಂದ್ರದಿಂದ ಹೆಚ್ಚು ಹಣ ಬರುತ್ತದೆ. ಹಣಕ್ಕಾಗಿ ಹೊದ್ದುಕೊಂಡ ಆ ಸರಕಾರಿ ಹೊದಿಕೆಯೇ ಅವರನ್ನು ಈ ಕಾಯಿದೆಯ ಕೈಗೆ ಸಿಕ್ಕಿಸಿತು. ೨೦೨೫ರ ಜೂನ್‌ನಲ್ಲಿ ಅದೇ ಸುಪ್ರೀಂ ಕೋರ್ಟು ಮೆಡಿಕೈಡ್ ಕುರಿತ ಇನ್ನೊಂದು ಮೊಕದ್ದಮೆಯಲ್ಲಿ, ತಮಗೆ ಬೇಕಾದ ವೈದ್ಯರನ್ನು ಆರಿಸಿಕೊಳ್ಳುವ ಅವಕಾಶಕ್ಕಾಗಿ ರೋಗಿಗಳು ಹೀಗೆ ದಾವೆ ಹೂಡುವಂತಿಲ್ಲವೆಂದು ಆರು ಮೂರರಿಂದ ತೀರ್ಮಾನಿಸಿ, ಬಾಗಿಲನ್ನು ಬಹಳಮಟ್ಟಿಗೆ ಕಿರಿದುಗೊಳಿಸಿತು. ಆದರೆ ತಲೆವ್‌ಸ್ಕಿ ತೀರ್ಪನ್ನು ಅಳಿಸಲಿಲ್ಲ. ಸಂಸತ್ತು ‘ಹಕ್ಕು’ ಎಂಬ ಮಾತನ್ನು ಬಿಚ್ಚುಬಾಯಿಂದ ಬರೆದರೆ ಹೇಗಿರುತ್ತದೆ ಎಂಬುದಕ್ಕೆ ನಿದರ್ಶನವಾಗಿ ಅದು ಎತ್ತಿ ತೋರಿಸಿದ್ದು ೧೯೮೭ರ ನರ್ಸಿಂಗ್ ಹೋಮ್ ಶಾಸನವನ್ನೇ.